ಹದಿನೆಂಟು ವಿಳಾಸಗಳು, ನಾನು ಸೇರಿಸಿದ ಒಂದು ಸಾಲು

ಗಡಕ್, ಸರ್ರ್. ಗಡಕ್, ಸರ್ರ್.

ಸೈಕ್ಲೋಸ್ಟೈಲ್ ಯಂತ್ರದ ಈ ಸದ್ದನ್ನು ಈಗಿನ ಹುಡುಗಿಯರು ಕೇಳಿರಲಾರರು. ಸ್ಟೆನ್ಸಿಲ್ ಎಂಬ ಮೇಣದ ಹಾಳೆಯ ಮೇಲೆ ರಿಬ್ಬನ್ ಇಲ್ಲದೆ ಟೈಪ್ ಮಾಡಿ, ಅದನ್ನು ಶಾಯಿ ತುಂಬಿದ ಡ್ರಮ್ಮಿಗೆ ಸುತ್ತಿ ಹಿಡಿಕೆ ತಿರುಗಿಸಬೇಕು. ಒಂದು ಸುತ್ತಿಗೆ ಒಂದು ಪ್ರತಿ. ಮಳೆಗಾಲದಲ್ಲಿ ಮಾತ್ರ ಈ ತಾಳ ತಪ್ಪುತ್ತಿತ್ತು. ಮೂಡಿಗೆರೆಯ ಜುಲೈ ತಿಂಗಳಿನಲ್ಲಿ ಹಾಳೆಗಳು ತೇವ ಹೀರಿ ಒಂದಕ್ಕೊಂದು ಅಂಟಿಕೊಂಡು, ಮೂರು ಮೂರು ಒಟ್ಟಿಗೇ ಒಳಗೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತಿದ್ದವು. ಆಗ ನಮ್ಮ ಲ್ಯಾಬ್ ಅಟೆಂಡರ್ ಮಂಜಪ್ಪ ಕಾಗದದ ಕಟ್ಟನ್ನೇ ಎತ್ತಿಕೊಂಡು ಹೋಗಿ, ಕಾಫಿ ಎಲೆ ಒಣಗಿಸುವ ಓವನ್ನಿನಲ್ಲಿ ಇಟ್ಟು ಬೆಚ್ಚಗೆ ಮಾಡಿ ತರುತ್ತಿದ್ದ. ಹಾಗಾಗಿ ನಮ್ಮ ಆಫೀಸಿನಿಂದ ಹೊರಟ ಕಾಗದಗಳಿಗೆಲ್ಲ ಒಣಗಿದ ಎಲೆಯ ವಾಸನೆ. ಲಂಡನ್ನಿಗೆ ಹೋದದ್ದಕ್ಕೂ ಅದೇ ವಾಸನೆ ಇದ್ದಿರಬೇಕು.

ಈಚೆಗೆ ನಮ್ಮ ಗೋಣಿಬೀಡಿನ ಹುಡುಗಿಯೊಬ್ಬಳು ಆಫೀಸ್ ಅಸಿಸ್ಟೆಂಟ್ ಕೆಲಸಕ್ಕೆ ಸೇರುವ ಮುಂಚೆ ಬಂದು, "ಆಂಟಿ, ಏನಾದ್ರೂ ಟಿಪ್ಸ್ ಕೊಡಿ" ಅಂದಳು. ಟಿಪ್ಸ್ ನನ್ನ ಹತ್ತಿರ ಇಲ್ಲ. ಚಿಕ್ಕಮಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ಹೇಳಿಕೊಟ್ಟ ಇಂಗ್ಲಿಷ್, ಅದರ ಮೇಲೆ ಶಾರ್ಟ್‌ಹ್ಯಾಂಡ್, ಇವಿಷ್ಟೇ ನನ್ನ ಕ್ಯಾಪಿಟಲ್. ಅದನ್ನಿಟ್ಟುಕೊಂಡು ದಿನಾ ಗೋಣಿಬೀಡಿನಿಂದ ಬಸ್ಸಿನಲ್ಲಿ ಮೂಡಿಗೆರೆಗೆ ಹೋಗಿ ಬಂದೆ. ಆದರೆ ಒಂದು ಕತೆ ಇದೆ. ಅದನ್ನು ಬರೆದಿಟ್ಟರೆ ಅವಳಂಥವರಿಗೆ ಉಪಯೋಗವಾದೀತು ಎಂದು ಕುಳಿತಿದ್ದೇನೆ.

ನಮ್ಮದು ಕಾಫಿ ಬೆಳೆಗಾರರೇ ಸೇರಿ ಕಟ್ಟಿಕೊಂಡಿದ್ದ ಪುಟ್ಟ ಲ್ಯಾಬೊರೇಟರಿ. ತೋಟದ ಮಣ್ಣು, ರೋಗ ಬಂದ ಎಲೆ, ಹುಳು ಕೊರೆದ ಕಾಂಡ ತಂದರೆ ಪರೀಕ್ಷೆ ಮಾಡಿ ಹೇಳುವುದು. ಅಧ್ಯಕ್ಷರು ಉಪೇಂದ್ರಗೌಡರು. ದೊಡ್ಡ ಎಸ್ಟೇಟಿನ ಯಜಮಾನರು, ಮಾತು ಮೆತ್ತಗೆ, ಆದರೆ ಶಿಸ್ತು ಅಂದರೆ ಶಿಸ್ತು. ನಾನು ಸೇರಿದ ವರ್ಷವೇ ಒಂದು ಬ್ಲಂಡರ್ ಮಾಡಿದೆ. ವಸ್ತಾರೆಯಲ್ಲಿ ಬೆಳೆಗಾರರ ಸಭೆ. ಮಣ್ಣಿನ ಬಗ್ಗೆ ಮಾತಾಡಲು ಸರ್ಕಾರಿ ಅಧಿಕಾರಿಯೊಬ್ಬರನ್ನು ನೇರವಾಗಿ ಕಾಗದ ಬರೆದು ಕರೆಸಿದೆ. ಪಾಪ, ಬಂದರು, ಚೆನ್ನಾಗಿ ಮಾತಾಡಿದರು, ಕಡುಬು ತಿಂದು ಹೋದರು. ವಾರದೊಳಗೆ ಅವರ ಮೇಲಿನವರಿಂದ ಅವರಿಗೆ ಮೆಮೊ: ಯಾರ ಅನುಮತಿ ತೆಗೆದುಕೊಂಡು ಹೋಗಿದ್ದಿರಿ ಎಂದು. ಗೌಡರು ನನ್ನನ್ನು ಕರೆದರು.

"ಸುಲೋಚನಮ್ಮ, ನೀವು ಕಾನ್ವೆಂಟಲ್ಲಿ ಓದಿದ್ದು ಹೌದು. ಆದ್ರೆ ಒಬ್ಬ ನೌಕರನ್ನ ಕರೀಬೇಕಾದ್ರೆ ಅವನ ಆಫೀಸಿಗೆ ಒಂದು ಕಾಪಿ ಹಾಕ್ಬೇಕು ಅಂತ ಆ ಸಿಸ್ಟರುಗಳು ಹೇಳ್ಕೊಡ್ಲಿಲ್ವಾ?"

"ಇಲ್ಲ ಸರ್."

"ಹಂಗಾದ್ರೆ ನಾನು ಹೇಳ್ಕೊಡ್ತೀನಿ. ಥ್ರೂ ಪ್ರಾಪರ್ ಚಾನೆಲ್. ಇನ್ನು ಮರೀಬೇಡಿ."

ಮರೆಯಲಿಲ್ಲ. ಅಂದಿನಿಂದ ಯಾರನ್ನೇ ಯಾವುದಕ್ಕೇ ಕರೆದರೂ ಕಾಗದದ ಅಡಿಯಲ್ಲಿ ನನ್ನ ಬೆರಳು ತಾನಾಗಿ ಒಂದು ಸಾಲು ಹೊಡೆಯುತ್ತಿತ್ತು: ಪ್ರತಿ, ಸಂಸ್ಥೆಯ ಮುಖ್ಯಸ್ಥರ ಮಾಹಿತಿಗಾಗಿ. ಯಾರೂ ಹೇಳಬೇಕಾಗಿರಲಿಲ್ಲ. ಹೇಳದಿದ್ದರೂ ಮಾಡುವವಳೇ ಒಳ್ಳೆಯ ಸ್ಟೆನೊ ಎಂದು ನಾನು ನಂಬಿದ್ದೆ.

ಡಾ. ಯಾಕುಬು ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ನೈಜೀರಿಯಾದವರು. ಧಾರವಾಡದಲ್ಲಿ ಸಸ್ಯರೋಗದ ಮೇಲೆ ಡಾಕ್ಟರೇಟ್ ಮಾಡಿ, ನಮ್ಮ ಲ್ಯಾಬಿಗೆ ವಿಜ್ಞಾನಿಯಾಗಿ ಸೇರಿದರು. ಮೊದಲ ತಿಂಗಳು ಲ್ಯಾಬಿಗೆ ಸ್ಯಾಂಪಲ್ ತರುವವರ ಸಂಖ್ಯೆ ಇದ್ದಕ್ಕಿದ್ದಂತೆ ಏರಿತು. ಅವರಿಗೆ ಮಣ್ಣು ತೋರಿಸುವುದು ಬೇಕಿರಲಿಲ್ಲ, ಡಾಕ್ಟರರನ್ನು ನೋಡುವುದು ಬೇಕಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ. ಒಬ್ಬ ಪ್ಲಾಂಟರ್ ಅಂತೂ ಕುರ್ಚಿ ಎಳೆದುಕೊಂಡು ಕೂತು, "ಅಲ್ಲ ಡಾಕ್ಟ್ರೇ, ಆಫ್ರಿಕಾದಲ್ಲೂ ಕಾಫಿ ಉಂಟಾ?" ಎಂದು ಕೇಳಿಯೇ ಬಿಟ್ಟರು.

ಡಾಕ್ಟರ್ ನಕ್ಕು ಇಂಗ್ಲಿಷಿನಲ್ಲಿ ಹೇಳಿದರು, "ನಮ್ಮ ಖಂಡದಿಂದಲೇ ಸರ್ ಅದು ನಿಮ್ಮ ಬೆಟ್ಟಕ್ಕೆ ಬಂದದ್ದು. ದಾರಿಯಲ್ಲಿ ಯೆಮನ್ನಿನಲ್ಲಿ ಬಸ್ ಬದಲಾಯಿಸಿತು, ಅಷ್ಟೇ."

ಮಂಜಪ್ಪನಿಗೆ ಈ ಮಾತನ್ನು ಕನ್ನಡದಲ್ಲಿ ಹೇಳಿದಾಗ ಅವನು ಎರಡು ದಿನ ನಕ್ಕ. ಆಮೇಲೆ ಅವರಿಬ್ಬರೂ ಬಿಡದ ಸ್ನೇಹಿತರಾದರು. ಆರು ತಿಂಗಳಲ್ಲಿ ಡಾಕ್ಟರ್ "ಎಂತ ಮಾರಾಯ" ಎನ್ನಲು ಕಲಿತರು. ಅದನ್ನು ಉಪೇಂದ್ರಗೌಡರಿಗೂ ಅಂದುಬಿಟ್ಟರು. ಗೌಡರು "ಮಾರಾಯ್ರೆ ಅನ್ಬೇಕು ಡಾಕ್ಟ್ರೆ" ಎಂದು ತಿದ್ದಿದರು, ಅಷ್ಟೆ.

ಒಂದು ಭಾನುವಾರ ನಾವೆಲ್ಲ ಆಫೀಸಿನ ಜೀಪಿನಲ್ಲಿ ದೇವರಮನೆ ಗುಡ್ಡಕ್ಕೆ ಹೋಗಿದ್ದೆವು. ಹುಲ್ಲುಗಾವಲಿನ ನೆತ್ತಿ ಹತ್ತಿದ ಮೇಲೆ ಡಾಕ್ಟರ್ ಅಲ್ಲೇ ನಿಂತುಬಿಟ್ಟರು. ನಾವು ಬುತ್ತಿ ಬಿಚ್ಚಿ ಕರೆದರೂ ಬರಲಿಲ್ಲ. ಕೊನೆಗೆ ನಾನೇ ಹೋಗಿ ಕೇಳಿದೆ.

"ಮಿಸ್ ಸುಲೋಚನಾ, ಇದು ನನ್ನ ಊರು" ಅಂದರು.

ಅವರ ಊರು ಮಂಬಿಲ ಎಂಬ ಪ್ರಸ್ಥಭೂಮಿಯಲ್ಲಿ. ಅಲ್ಲಿಯೂ ಇಂಥದೇ ಹುಲ್ಲಿನ ಗುಡ್ಡ, ಇಂಥದೇ ಮಂಜು, ಇಂಥದೇ ಚಳಿ. ಕಾಫಿಯೂ ಬೆಳೆಯುತ್ತದಂತೆ, ಆದರೆ ಗಿಡಗಳೆಲ್ಲ ಮುದಿಯಾಗಿವೆ, ಹೊಸ ಸಸಿ ಮಾಡುವವರಿಲ್ಲ. ಓದಿದವರೆಲ್ಲ ದೇಶ ಬಿಟ್ಟಿದ್ದಾರೆ. ಲಂಡನ್ನಿನಲ್ಲಿ ಡಾಕ್ಟರು, ಹ್ಯೂಸ್ಟನ್ನಿನಲ್ಲಿ ಎಂಜಿನಿಯರು, ರಿಯಾದಿನಲ್ಲಿ ನರ್ಸು. "ನಾನು ಮೂಡಿಗೆರೆಯಲ್ಲಿ" ಎಂದು ತಮ್ಮನ್ನೂ ಸೇರಿಸಿಕೊಂಡರು. "ಅವರೆಲ್ಲ ಬಿಟ್ಟು ಬರಬೇಕು ಅಂತ ನಾನು ಹೇಳುವುದಿಲ್ಲ. ನಾನೇ ಇಲ್ಲಿನ ಕೆಲಸ ಬಿಟ್ಟು ಹೋಗಿಲ್ಲ. ವರ್ಷಕ್ಕೆ ಮೂರು ವಾರ ಸಾಕು. ರಜೆಯಲ್ಲಿ ಬಂದು, ಗೊತ್ತಿರುವ ಕೆಲಸವನ್ನು ಊರಿನವರಿಗೆ ಕಲಿಸಿ ಹೋಗಲಿ."

ಮರುದಿನವೇ ತಮ್ಮ ಡೈರಿಯಿಂದ ಹದಿನೆಂಟು ವಿಳಾಸ ಹೆಕ್ಕಿದರು. ಮನೆ ಬದಲಾಯಿಸುತ್ತಲೇ ಇರುವ ಜನ. ಹಾಗಾಗಿ ಎಲ್ಲರೂ ಕೊಟ್ಟದ್ದು ಆಫೀಸಿನ ವಿಳಾಸ. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲ ಸರ್ಕ್ಯುಲರ್ ಅವರು ಡಿಕ್ಟೇಟ್ ಮಾಡಿದ್ದು ಭಾಷಣದ ಹಾಗಿತ್ತು. ತಾಯ್ನಾಡು ಕರೆಯುತ್ತಿದೆ, ಋಣ ತೀರಿಸೋಣ, ಹೀಗೆ. ಬರೆದುಕೊಳ್ಳುವಾಗ ನನಗೇ ಕಣ್ಣು ಮಂಜಾಯಿತು. ಹೆಸರು ಹಾಕಿ ಯಾರನ್ನೂ ಯಾವ ಕೆಲಸಕ್ಕೂ ಕರೆದಿರಲಿಲ್ಲವಾದ್ದರಿಂದ ನನ್ನ ಆ ಸಾಲು ಅದಕ್ಕೆ ಬೀಳಲಿಲ್ಲ. ಹದಿನೆಂಟು ಹೋಯಿತು, ಉತ್ತರ ಬಂದದ್ದು ಎರಡು. ಒಂದರಲ್ಲಿ, ಪತ್ರ ಓದಿ ಅತ್ತೆ ಎಂದಿತ್ತು. ಇನ್ನೊಂದರಲ್ಲಿ ಹೊಸ ವರ್ಷದ ಶುಭಾಶಯ.

ಡಾಕ್ಟರ್ ಮಂಕಾದರು. ಆಗ ಮಂಜಪ್ಪ, ಟೀ ಲೋಟ ತೆಗೆಯುತ್ತ, ಸುಮ್ಮನೆ ಒಂದು ಮಾತು ಹೇಳಿದ. "ಅಲ್ಲ ಡಾಕ್ಟ್ರೇ, 'ಬನ್ನಿ ಬನ್ನಿ' ಅಂದ್ರೆ ಯಾರು ಬರ್ತಾರೆ? ನನ್ನ ಭಾವನ್ನ ನಾನು ಹಂಗೆ ಕರೆಯಲ್ಲ. 'ಮಂಗಳವಾರ ಏಣಿ ತಗೊಂಡು ಬಾ, ಹಂಚು ಬದಲಾಯಿಸ್ಬೇಕು' ಅಂತೀನಿ. ಬಾಯಿ ಮುಚ್ಕೊಂಡು ಬರ್ತಾನೆ."

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಡಾಕ್ಟರ್ ಲೋಟ ಕೆಳಗಿಟ್ಟರು. "ಸ್ಟೆನ್ಸಿಲ್ ಹಾಕಿ, ಮಿಸ್ ಸುಲೋಚನಾ."

ಎರಡನೇ ಸರ್ಕ್ಯುಲರಿನಲ್ಲಿ ತಾಯ್ನಾಡು ಎಂಬ ಪದವೇ ಇರಲಿಲ್ಲ. ಡಾಕ್ಟರ್ ಹೇಳಿ ಬರೆಸಿದ್ದು ಇಷ್ಟು: ನನ್ನ ಅಕ್ಕ ಊರಿನಲ್ಲಿ ಟೀಚರ್, ಶಾಲೆಯ ಹಿಂದೆ ಕಾಫಿ ನರ್ಸರಿ ಮಾಡುತ್ತಿದ್ದಾಳೆ. ಜೂನಿನಲ್ಲಿ ಬೀಜ ಹಾಕುತ್ತಾಳೆ. ನವೆಂಬರಿನಿಂದ ಮಾರ್ಚಿನವರೆಗೆ ಅಲ್ಲಿ ಒಂದು ಹನಿ ಮಳೆ ಇಲ್ಲ. ಗುಡ್ಡದ ಮೇಲೆ ಒರತೆ ಇದೆ, ಕರೆಂಟ್ ಇಲ್ಲ. ಪಂಪಿಲ್ಲದೆ ಆ ನೀರನ್ನು ನರ್ಸರಿಗೆ ಇಳಿಸಬಲ್ಲ ಒಬ್ಬರು ಮೂರು ವಾರಕ್ಕೆ ಬೇಕು, ಸೆಪ್ಟೆಂಬರಿನಲ್ಲಿ. ಬರದಿದ್ದರೆ ಸಸಿಗಳು ಡಿಸೆಂಬರಿನಲ್ಲಿ ಸಾಯುತ್ತವೆ. ಹೀಗೆ ಒಬ್ಬೊಬ್ಬರಿಗೆ ಒಂದೊಂದು ಕೆಲಸ: ನರ್ಸಿಗೆ ಸೂಲಗಿತ್ತಿಯರ ತರಬೇತಿ, ಲಂಡನ್ನಿನ ಅಕೌಂಟೆಂಟ್ ಸ್ಯಾಮ್ಯುಯೆಲ್ ಎಂಬ ಗೆಳೆಯನಿಗೆ ಬೆಳೆಗಾರರ ಸಂಘ ಕಟ್ಟಿಕೊಡುವುದು. ಹೆಸರು, ಕೆಲಸ, ತಿಂಗಳು.

ಈ ಸಲ ಏಳು ಜನ ಒಪ್ಪಿದರು. ನೀರಿನ ಕೆಲಸಕ್ಕೆ ಒಪ್ಪಿದವಳು ಗ್ರೇಸ್. ಇಂಗ್ಲೆಂಡಿನ ನೀರು ಸರಬರಾಜು ಕಂಪನಿಯೊಂದರಲ್ಲಿ ಎಂಜಿನಿಯರ್. ಅವಳ ಉತ್ತರ ಒಂದೇ ಸಾಲು: "ಒರತೆಯ ಎತ್ತರ ಎಷ್ಟು, ನರ್ಸರಿಯ ಎತ್ತರ ಎಷ್ಟು?" ಡಾಕ್ಟರ್ ಆ ಕಾಗದವನ್ನು ಹಿಡಿದುಕೊಂಡು ಲ್ಯಾಬೆಲ್ಲ ಓಡಾಡಿದರು. ಮಂಜಪ್ಪ ಕಳಸದ ಕಡೆಯವನು, ಗುಡ್ಡದಿಂದ ಇಳಿಯುವ ಅಬ್ಬಿ ನೀರನ್ನು ಕರಿ ಪೈಪಿನಲ್ಲಿ ಮನೆಗೆ ತರುವುದು ಅವನಿಗೆ ಉಸಿರಾಡಿದಷ್ಟು ಸಲೀಸು. "ಆ ಎಂಜಿನಿಯರಮ್ಮಂಗೆ ಹೇಳಿ, ಪೈಪಿನ ಬಾಯಿಗೆ ಸೊಳ್ಳೆಪರದೆ ಕಟ್ಟದಿದ್ರೆ ಎಲೆ ಕಟ್ಕೊಳ್ಳುತ್ತೆ ಅಂತ" ಎಂದು ಎಂಜಿನಿಯರಿಗೇ ಪಾಠ ಕಳಿಸಿದ.

ಜುಲೈ. ಹೊರಗೆ ಮಳೆ ಗೋಡೆಯ ಹಾಗೆ ನಿಂತಿತ್ತು. ಫ್ಯಾಕ್ಸ್ ಯಂತ್ರ ಹೊಸದಾಗಿ ಬಂದಿತ್ತು. ಅದು ಕಿರುಚಿದಾಗಲೆಲ್ಲ ಮಂಜಪ್ಪ "ಕೋಳಿ ಹಿಡ್ದಂಗೆ" ಅನ್ನುತ್ತಿದ್ದ. ಆ ದಿನ ಬಂದದ್ದು ಗ್ರೇಸ್ ಕಳಿಸಿದ ಹಾಳೆ. ಅವಳ ಕಾಂಟ್ರ್ಯಾಕ್ಟ್ ಆ ತಿಂಗಳು ನವೀಕರಣವಾಗಬೇಕಿತ್ತು. ಮ್ಯಾನೇಜರ್ ಕರೆದು, ನೀನು ನಿನ್ನ ದೇಶಕ್ಕೆ ಹೊರಟಿದ್ದೀಯಂತಲ್ಲ ಎಂದು ಕೇಳಿದರಂತೆ. ಅವಳು ಯಾರಿಗೂ ಹೇಳಿರಲಿಲ್ಲ, ರಜೆ ಎಂದಷ್ಟೇ ಅರ್ಜಿ ಹಾಕುವವಳಿದ್ದಳು. ಆ ಕೆಲಸ ಬೇರೆಯವರಿಗೆ ಕೊಡುವ ಮಾತು ನಡೆದಿದೆ. "ನಿನ್ನ ಜನರಲ್ಲಿ ಯಾರೋ ಹೇಳಿದ್ದಾರೆ, ಯಾಕುಬು. ಇನ್ನು ನನ್ನನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡ."

ಆ ಫ್ಯಾಕ್ಸನ್ನು ಹರಿದು ಡಾಕ್ಟರರ ಮೇಜಿಗೆ ಒಯ್ದವಳು ನಾನೇ. ಒಯ್ಯುವಾಗಲೂ ನನಗೆ ಹೊಳೆಯಲಿಲ್ಲ. ದೇವರಾಣೆ ಹೊಳೆಯಲಿಲ್ಲ.

ಡಾಕ್ಟರ್ ಓದಿ ಮುಗಿಸಿ, "ಸ್ಯಾಮ್ಯುಯೆಲ್" ಅಂದರು. "ಅವನಿಗೆ ಬಾಯಿ ನಿಲ್ಲುವುದಿಲ್ಲ. ಶಾಲೆಯಲ್ಲೂ ಹೀಗೇ. ಡಿಕ್ಟೇಶನ್ ತೆಗೆದುಕೊಳ್ಳಿ."

ಅಷ್ಟು ಕಟುವಾದ ಕಾಗದವನ್ನು ನನ್ನ ಸರ್ವಿಸಿನಲ್ಲಿ ಬೇರೆ ಬರೆದುಕೊಂಡಿಲ್ಲ. ನೀನು ನನ್ನ ಗೆಳೆಯನಲ್ಲ, ಒಬ್ಬ ಹೆಣ್ಣುಮಗಳ ಅನ್ನ ಕಸಿದೆ, ನನ್ನ ಅಕ್ಕನ ಸಸಿಗಳಿಗೆ ನೀನೇ ಹೊಣೆ. ಪೆನ್ಸಿಲ್ ಓಡುತ್ತಿತ್ತು. ನನ್ನ ಸೀಟಿಗೆ ಬಂದು ಟೈಪ್ ಮಾಡಿದೆ. ಕೊನೆಗೆ ಬೆರಳು ಅಭ್ಯಾಸದಂತೆ ಅಡಿಗೆ ಇಳಿದು 'ಪ್ರತಿ' ಎಂದು ಹೊಡೆಯಲು ಹೊರಟಿತು. ಅಲ್ಲಿಗೆ ನಿಂತಿತು.

ಫೈಲು ತೆಗೆದೆ. ಎರಡನೇ ಸರ್ಕ್ಯುಲರಿನ ಆಫೀಸ್ ಕಾಪಿ. ಅಡಿಯಲ್ಲಿ ನೀಟಾಗಿ: ಪ್ರತಿ, ಸಂಸ್ಥೆಯ ಮುಖ್ಯಸ್ಥರ ಮಾಹಿತಿಗಾಗಿ. ಹದಿನೆಂಟು ವಿಳಾಸವೂ ಆಫೀಸಿನವೇ ಆಗಿದ್ದರಿಂದ ಕೆಲಸ ಸುಲಭವಾಗಿತ್ತು. ಹದಿನೆಂಟು ಕವರು ಅವರಿಗೆ, ಹದಿನೆಂಟು ಕವರು ಅವರ ಬಾಸುಗಳಿಗೆ. ನಾನೇ ಅಂಟಿಸಿದ್ದೆ. ಡಾಕ್ಟರ್ ಸಹಿ ಹಾಕಿದ್ದು ಸ್ಟೆನ್ಸಿಲ್ಲಿನ ಮೇಲೆ. ಅವರಿಗೆ ಹೋಗುವ ಹದಿನೆಂಟನ್ನು ತೆಗೆದ ಮೇಲೆ, ಬಾಸುಗಳ ಪ್ರತಿಗೂ ಆಫೀಸ್ ಕಾಪಿಗೂ ಮಾತ್ರ ಆ ಸಾಲನ್ನು ನಾನು ಸೇರಿಸಿದ್ದೆ.

ಸ್ಯಾಮ್ಯುಯೆಲನ ಕಾಗದ ಸಹಿಗೆ ಸಿದ್ಧವಾಗಿತ್ತು. ಸಹಿ ಹಾಕಿಸಿ ಪೋಸ್ಟ್ ಮಾಡಿದ್ದರೆ ಇವತ್ತಿಗೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಫೈಲು ಇರುತ್ತಿದ್ದದ್ದು ನನ್ನ ಬೀರುವಿನಲ್ಲಿ, ಕೀ ನನ್ನ ಪರ್ಸಿನಲ್ಲಿ. ಇದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ: ನಾನು ಆ ಕುರ್ಚಿಯಲ್ಲಿ ಮಧ್ಯಾಹ್ನದ ಊಟದವರೆಗೂ ಕೂತಿದ್ದೆ.

ಆಮೇಲೆ ಎದ್ದು, ಕಾಗದದ ಬದಲು ಆಫೀಸ್ ಕಾಪಿಯನ್ನು ಡಾಕ್ಟರರ ಮುಂದಿಟ್ಟೆ.

ಅವರು ಓದಿದರು. ಅಡಿಯ ಸಾಲಿಗೆ ಬಂದು ನಿಂತರು. "ಇದು ನಾನು ಹೇಳಿದ್ದಲ್ಲ."

"ಅಲ್ಲ ಸರ್. ನಾನು ಸೇರಿಸಿದ್ದು. ಎಲ್ಲರ ಬಾಸುಗಳಿಗೂ ಹಾಕಿದ್ದೇನೆ."

"ಯಾಕೆ?"

ನಾನು ವಸ್ತಾರೆಯ ಕತೆ ಹೇಳಿದೆ. ಅರ್ಧಕ್ಕೇ ಅದು ಎಷ್ಟು ಸಣ್ಣದೆಂದು ನನಗೇ ಕೇಳಿಸಿತು. ಅವರು ಕೂಗಾಡಲಿಲ್ಲ. ಸ್ಯಾಮ್ಯುಯೆಲನ ಕಾಗದ ಎಲ್ಲಿ ಎಂದರು. ತಂದುಕೊಟ್ಟೆ. ನಾಲ್ಕು ತುಂಡು ಮಾಡಿ ಜೇಬಿಗೆ ಹಾಕಿಕೊಂಡು ಹೊರಗೆ ಹೋದರು.

ಸಂಜೆ ಬಸ್ಸಿಗೆ ಹೊರಡುವಾಗ ಮಂಜಪ್ಪ ಬಂದ. "ಎಂತ ಮಾಡಿದ್ರಿ ಸುಲೋಚನಮ್ಮೋರೆ? ಡಾಕ್ಟ್ರು ಗ್ಲಾಸ್‌ಹೌಸಲ್ಲಿ ಒಂದೇ ಸಸಿ ನೋಡ್ಕೊಂಡು ಕೂತಿದಾರೆ. ಟೋಪಿ ಬಿದ್ದಿಲ್ಲ, ಎಂತ ಇಲ್ಲ, ಏನ್ ನೋಡ್ತಾರೋ." ಕಾಫಿ ಬೀಜ ಮೊಳೆತಾಗ ಬೀಜವನ್ನೇ ತಲೆ ಮೇಲೆ ಹೊತ್ತು ನಿಲ್ಲುತ್ತದೆ, ಅದನ್ನೇ ಟೋಪಿ ಅನ್ನುವುದು. ಆಮೇಲೆ ಟೋಪಿ ಬಿದ್ದು ಎರಡು ಎಲೆ ಚಿಟ್ಟೆಯ ಹಾಗೆ ಬಿಚ್ಚುತ್ತವೆ. ಅವರ ಅಕ್ಕನ ನರ್ಸರಿಯಲ್ಲೂ ಆಗ ಅದೇ ಹೊತ್ತು.

ನಾನು ಮಂಜಪ್ಪನಿಗೆ ಎಲ್ಲ ಹೇಳಿದೆ. ಅವನು ತಲೆ ಕೆರೆದುಕೊಂಡ. "ಗೌಡ್ರು ಹೇಳ್ಕೊಟ್ಟಿದ್ದು ನೀವು ಮಾಡಿದ್ರಿ. ಆದ್ರೆ ಅದು ನಮ್ಮ ಕಡೆ ಕಾಯ್ದೆ. ಅಲ್ಲಿ ಹೆಂಗೋ ಏನೋ, ಡಾಕ್ಟ್ರನ್ನ ಒಂದು ಮಾತು ಕೇಳ್ಬೇಕಿತ್ತು." ಆಮೇಲೆ, "ಕೊಡೆ ತಗೊಳ್ಳಿ, ನೆನೀಬೇಡಿ" ಅಂದ.

ಮರುದಿನ ಗೌಡರ ಅನುಮತಿ ತೆಗೆದುಕೊಂಡು ಎರಡು ಫ್ಯಾಕ್ಸ್ ಕಳಿಸಿದೆ. ಒಂದು ಗ್ರೇಸಳ ಮ್ಯಾನೇಜರಿಗೆ: ತಪ್ಪು ನನ್ನದು, ಇದು ಮೂರು ವಾರದ ರಜೆಯ ಮಾತು ಮಾತ್ರ. ಇನ್ನೊಂದು ಗ್ರೇಸಳಿಗೆ, ನನ್ನ ಹೆಸರಿನಲ್ಲೇ. ಮ್ಯಾನೇಜರಿಂದ ಉತ್ತರ ಬಂತು, ತುಂಬಾ ಪೊಲೈಟ್ ಆಗಿ: ಆ ಹುದ್ದೆ ಭರ್ತಿಯಾಗಿದೆ. ಗ್ರೇಸಳಿಂದ ನನಗೆ ಏನೂ ಬರಲಿಲ್ಲ.

ಉಳಿದ ಪ್ರತಿಗಳ ಕತೆ ಬೇರೆ. ರಿಯಾದಿನ ನರ್ಸಿನ ಆಸ್ಪತ್ರೆಯವರು ಸಂತೋಷದಿಂದ ರಜೆ ಕೊಟ್ಟು ಪುಸ್ತಕಗಳನ್ನೂ ಕಳಿಸಿದರಂತೆ. ಇಬ್ಬರು ಹೆದರಿ ಹಿಂದೆ ಸರಿದರು. ಬಹುಪಾಲು ಮುಖ್ಯಸ್ಥರು ಕಸದ ಬುಟ್ಟಿಗೆ ಹಾಕಿರಬೇಕು. ಇಷ್ಟೆಲ್ಲದರಲ್ಲಿ ಪೆಟ್ಟು ಬಿದ್ದದ್ದು ನೀರಿನವಳಿಗೇ.

ಆಗಸ್ಟ್ ಕೊನೆಯವರೆಗೆ ಡಾಕ್ಟರ್ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಅಕ್ಕನ ಕಾಗದಗಳು ಬರುತ್ತಿದ್ದವು. ಚಿಟ್ಟೆ ಬಿಚ್ಚಿವೆ, ನೆರಳು ಕಟ್ಟಿದ್ದೇವೆ, ನೀರಿನ ಎಂಜಿನಿಯರ್ ಯಾವಾಗ? ಆ ಕಾಗದಗಳನ್ನು ಫೈಲ್ ಮಾಡುವುದೂ ನನ್ನ ಕೆಲಸ. ಮಾಡಿದೆ.

ಒಂದು ಬೆಳಿಗ್ಗೆ ಫ್ಯಾಕ್ಸ್ ಕಿರುಚಿತು. ಡಾಕ್ಟರರ ಹೆಸರಿಗೆ. ನಾನು ಓದದೆ ಮಡಚಿ ಕೊಟ್ಟೆ. ಅವರು ಓದಿ, ಬಾಗಿಲ ಹತ್ತಿರ ಹೋಗಿದ್ದ ನನ್ನನ್ನು ಕರೆದು ಜೋರಾಗಿ ಓದಿದರು: "ಕಂಪನಿಯ ಕೆಲಸ ಹೋಯಿತು. ಬೇರೆ ಕೆಲಸ ಸಿಕ್ಕಿಲ್ಲ. ಹಾಗಾಗಿ ಮೂರು ವಾರ ಅಂತ ಲೆಕ್ಕ ಹಾಕಬೇಕಾಗಿಲ್ಲ. ಎತ್ತರದ ಮ್ಯಾಪ್ ಕಳಿಸು. ಸೊಳ್ಳೆಪರದೆಯ ಮನುಷ್ಯನಿಗೆ ಹೇಳು, ಅವನು ಹೇಳಿದ್ದು ಸರಿ."

ಮಂಜಪ್ಪ ಕುಣಿದ. ನಾನು ಕುಣಿಯಲಿಲ್ಲ, ಬಾತ್‌ರೂಮಿಗೆ ಹೋಗಿ ಅತ್ತೆ.

ಡಿಸೆಂಬರಿನಲ್ಲಿ ಒಂದು ಫೋಟೊ ಬಂತು. ಹುಲ್ಲು ಒಣಗಿ ಕಂದಾದ ಗುಡ್ಡ, ಅದರ ಬುಡದಲ್ಲಿ ಹಸಿರು ಸಸಿಗಳ ಸಾಲು, ಮುಂದೆ ಪೈಪಿನ ಬಾಯಿಂದ ಬೀಳುವ ನೀರು. ಪಕ್ಕದಲ್ಲಿ ಪ್ಯಾಂಟು ಮಡಚಿ ನಿಂತ ಗ್ರೇಸ್, ನಗದೆ. ಡಾಕ್ಟರ್ ಅದನ್ನು ನನ್ನ ಟೈಪ್‌ರೈಟರಿನ ಎದುರು ಗೋಡೆಗೆ ಅಂಟಿಸಿದರು. ಶಿಕ್ಷೆಯೋ ಬಹುಮಾನವೋ, ನಾನು ಕೇಳಲಿಲ್ಲ.

ಆಮೇಲೆ ಕಂಪ್ಯೂಟರ್ ಬಂತು, ಇ-ಮೇಲ್ ಬಂತು. ಹದಿನೆಂಟು ವಿಳಾಸ ಎಂಬತ್ತಾಯಿತು. ಸೈಕ್ಲೋಸ್ಟೈಲ್ ಯಂತ್ರ ಗೋಡೌನ್ ಸೇರಿತು. ಇ-ಮೇಲಿನಲ್ಲೂ ಕಾಪಿ ಹಾಕುವ ಜಾಗ ಮೊದಲೇ ಇರುವುದನ್ನು ನೋಡಿ ನನಗೆ ಮೈ ಜುಮ್ಮೆಂದಿತು. ಹುಡುಗಿಯರೇ, ಆ ಜಾಗವನ್ನು ಖಾಲಿ ಬಿಡುವುದು ಕಲಿಯಿರಿ. ಡಾಕ್ಟರ್ ಯಾಕುಬು ಕೆಲ ವರ್ಷಗಳ ಮೇಲೆ ಊರಿಗೇ ಹೋದರು, ಮೂರು ವಾರಕ್ಕಲ್ಲ. ಸ್ಯಾಮ್ಯುಯೆಲ್ ಪ್ರತಿ ವರ್ಷ ಹೋಗುತ್ತಾನೆ ಎಂದು ಬರೆದಿದ್ದರು. ತಾನು ಒಮ್ಮೆ ನಮ್ಮ ಕಣ್ಣಿಗೆ ಕಳ್ಳನಾಗಿದ್ದೆ ಎಂಬುದು ಆತನಿಗೆ ಗೊತ್ತಿಲ್ಲ.

ನನ್ನ ಸರ್ವಿಸಿನ ಕೊನೆಯ ವರ್ಷ, ಮಾರ್ಚಿನ ಬಿಸಿಲಲ್ಲಿ, ಗ್ರೇಸ್ ಮೂಡಿಗೆರೆಗೆ ಬಂದಳು. ಬೆಂಗಳೂರಿನಲ್ಲಿ ಯಾವುದೋ ಮೀಟಿಂಗ್ ಇತ್ತಂತೆ. ಅಬ್ಬಿ ನೀರಿನ ಪೈಪುಗಳನ್ನು ನೋಡಬೇಕು, ಸೊಳ್ಳೆಪರದೆಯ ಮನುಷ್ಯನನ್ನೂ ನೋಡಬೇಕು ಎಂದು ಬಂದಿದ್ದಳು. ಎತ್ತರದ ಹೆಂಗಸು, ಕೂದಲು ಅಲ್ಲಲ್ಲಿ ಬೆಳ್ಳಗೆ. ಆಫೀಸಿನ ಬಾಗಿಲಲ್ಲಿ ನಿಂತು ಕೇಳಿದಳು, "ನಿಮ್ಮಲ್ಲಿ ಮಿಸೆಸ್ ಕಾಪಿ-ಟು ಯಾರು?"

ಮಂಜಪ್ಪ ಗದ್ದ ಎತ್ತಿ ನನ್ನ ಕಡೆ ತೋರಿಸಿದ. ದ್ರೋಹಿ.

ಇಡೀ ದಿನ ಅವರಿಬ್ಬರೂ ಗುಡ್ಡ ಸುತ್ತಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದಿದ್ದರೂ ಪೈಪಿನ ಬಗ್ಗೆ ಜಗಳವನ್ನೂ ಆಡಿದರಂತೆ. ಸಂಜೆ ಅವಳು ಹಾಸನದ ಕಡೆಗೆ ಹೋಗಬೇಕಿತ್ತು, ಜೀಪಿನಲ್ಲಿ ಗೋಣಿಬೀಡಿನವರೆಗೆ ನನ್ನೊಂದಿಗೆ ಬಂದಳು. ಬಸ್ ಕಾಯುತ್ತ ಅಂಗಡಿ ಮುಂದಿನ ಬೆಂಚಿನ ಮೇಲೆ ಕೂತೆವು. ವರ್ಷಗಳಿಂದ ಸಿದ್ಧ ಮಾಡಿಟ್ಟುಕೊಂಡಿದ್ದ ಕ್ಷಮಾಪಣೆಯನ್ನು ನಾನು ಶುರು ಮಾಡಿದೆ. ಅವಳು ಕೈ ಎತ್ತಿ ತಡೆದಳು.

"ನನಗೊಂದು ಮನೆ ಇತ್ತು, ನೀಲಿ ಬಾಗಿಲಿನದು. ಅದು ಹೋಯಿತು. ಮತ್ತೆ ಅಂಥ ಕೆಲಸ ಸಿಗಲು ಎರಡು ವರ್ಷ ಹಿಡಿಯಿತು. ನೀವು ಹಾಗೆ ಮಾಡಿದ್ದಕ್ಕೇ ನೀರು ಬಂತು ಅಂತ ಯಾಕುಬು ಹೇಳುತ್ತಾನೆ. ನಾನು ಹೇಳುವುದಿಲ್ಲ. ಮೂರು ವಾರ ಸಾಕಾಗುತ್ತಿತ್ತು. ನಾನು ಒಳ್ಳೆಯ ಎಂಜಿನಿಯರ್."

"ಹೌದು" ಅಂದೆ.

ಅಂಗಡಿಯವರು ಕಾಫಿ ಕೊಟ್ಟರು. ಅವಳು ಒಂದು ಗುಟುಕು ಕುಡಿದು, ಇದು ನಮ್ಮದರಷ್ಟು ಚೆನ್ನಾಗಿಲ್ಲ ಅಂದಳು. ನಾನು ಒಪ್ಪಲಿಲ್ಲ. ಆಗ ಮೊದಲ ಸಲ ನಕ್ಕಳು.

ಬಸ್ ಬಂತು. ಅವಳು ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದು ನನ್ನ ಕೈಗೆ ಕೊಟ್ಟಳು. "ಅಡ್ರೆಸ್ ಬರೆಯಿರಿ. ಮನೆಯದು. ಮಂಬಿಲದ ನಮ್ಮ ಬೆಳೆಗಾರರ ಸಂಘದಲ್ಲಿ ಈಗ ಒಂದು ಆಫೀಸ್ ಇದೆ. ಹುಡುಗಿಯರಿಗೆ ಕಾಗದ ಬರೆಯುವುದು, ಫೈಲ್ ಇಡುವುದು ಗೊತ್ತಿಲ್ಲ. ರಿಟೈರ್ ಆದ ಮೇಲೆ ಮೂರು ವಾರ ಬರುತ್ತೀರಾ ಅಂತ ಕೇಳಿದರೆ, ಪ್ರತಿ ಯಾರಿಗೆ ಕಳಿಸಲಿ?"

"ಯಾರಿಗೂ ಬೇಡ" ಅಂದೆ. "ನನಗೊಬ್ಬಳಿಗೇ ಸಾಕು."

ನಿಂತೇ ಬರೆದುಕೊಟ್ಟೆ. ಅಕ್ಷರ ಸೊಟ್ಟಗಾಯಿತು. ಅವಳು ಅದನ್ನು ಓದಿ ನೋಡಿ, ನನ್ನ ಮೇಲೆ ನಂಬಿಕೆಯಿಲ್ಲದವಳಂತೆ ಹಾಳೆಯ ಅಡಿಯವರೆಗೂ ಕಣ್ಣು ಹಾಯಿಸಿ, ಅಲ್ಲಿ ಏನೂ ಇಲ್ಲವೆಂದು ಖಚಿತಪಡಿಸಿಕೊಂಡು ಬಸ್ ಹತ್ತಿದಳು. ಕಿಟಕಿಯಲ್ಲಿ ಕೂತು ನೋಟ್‌ಬುಕ್ಕನ್ನು ಎತ್ತಿ ತೋರಿಸಿದಳು. ಬಸ್ ತಿರುವು ದಾಟುವವರೆಗೂ ಆ ಕೈ ಹಾಗೇ ಹೊರಗಿತ್ತು. ಇಲ್ಲಿಯವರೆಗೆ ನಾನು ಗ್ರೇಸಳನ್ನು ಕೊನೆಯ ಸಲ ನೋಡಿದ್ದು ಅದು. ಕಾಗದಕ್ಕೆ ಕಾಯುತ್ತಿದ್ದೇನೆ.